ಫಲಕದಲ್ಲಿ ಇಲ್ಲದ ಸಾಲು

ಅವರ ಹುಬ್ಬುಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಹತ್ತಿಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಗಡ್ಡದಲ್ಲಿ, ಕಿವಿಯ ಕೂದಲಲ್ಲಿ, ತಲೆಯ ಟೊಪ್ಪಿಗೆಯ ಹೊಲಿಗೆಯಲ್ಲಿ ಕೂಡ ಹತ್ತಿ. ನಕ್ಕರೆ ಒಂದೆರಡು ಎಳೆ ಗಾಳಿಗೆ ಹಾರುತ್ತಿದ್ದವು. ಬಲಗೈಯ ಹೆಬ್ಬೆರಳು ಮಾತ್ರ ಕಪ್ಪಗೆ, ಗೊರಸಿನಂತೆ ಗಟ್ಟಿಯಾಗಿತ್ತು. ಹತ್ತಿ ಹಿಂಜುವ ಬಿಲ್ಲಿನ ತಂತಿಯನ್ನು ಹೊಡೆಯಲು ಜೀವಮಾನವಿಡೀ ಮರದ ಕೊಡತಿ ಹಿಡಿದ ಬೆರಳು ಅದು.

ಮಹಾರಾಷ್ಟ್ರದ ಗಡಿಯ ಜತ್ತ ಬಸ್‌ಸ್ಟ್ಯಾಂಡಿನ ಎದುರಿನ ತಗಡಿನ ಅಂಗಡಿಯಲ್ಲಿ ಕುಳಿತು ಹತ್ತಿ ಹಿಂಜುವುದು, ಗಾದಿ ತುಂಬಿ ಹೊಲಿಯುವುದು ಅವರ ಉದ್ಯೋಗ. ಇಡೀ ಊರು ಅವರನ್ನು ಗಾದಿ ಚಾಚಾ ಎಂದೇ ಕರೆಯುತ್ತಿತ್ತು. ನಾನು ಅದೇ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದಿಡುವುದು, ಮೈಕಿನಲ್ಲಿ ಕೂಗುವುದು, ಬಸ್ಸಿನ ಹಣೆಯ ಮೇಲಿನ ಬೋರ್ಡು ಸರಿಯಿದೆಯೇ ನೋಡುವುದು ನನ್ನ ಕೆಲಸ. ಇಬ್ಬರದೂ ಒಂದೇ ಊರು, ತಿಕೋಂಡಿಯ ದಾರಿಯಲ್ಲಿ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು, ಸಂಜೆ ಒಂದೇ ಬಸ್ಸಿನಲ್ಲಿ ಮರಳುತ್ತಿದ್ದೆವು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ನನ್ನನ್ನು ‘ತಮ್ಮಾ’ ಎನ್ನುತ್ತಿದ್ದರು.

ಇದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕೆಲವು ವರ್ಷ ಕಾದೆ. ಇಳಿಯಲಿಲ್ಲ.

ಚಾಚಾನಿಗೆ ಓದಲು ಬರುತ್ತಿರಲಿಲ್ಲ. ಆದರೆ ಎಣಿಸಲು ಬರುತ್ತಿತ್ತು. ಬಸ್ಸಿನ ಬೋರ್ಡಿನಲ್ಲಿ ಎಷ್ಟು ಊರುಗಳ ಹೆಸರಿವೆ, ಯಾವುದು ಉದ್ದ, ಯಾವುದು ಗಿಡ್ಡ ಎಂದು ನೋಡಿಯೇ ಬಸ್ಸನ್ನು ಗುರುತಿಸುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಮ್ಮೆ ನಮ್ಮ ದಾರಿಯ ಬೋರ್ಡಿಗೆ ಹೊಸದಾಗಿ ಬಣ್ಣ ಬಳಿಸಿದೆವು. ಬರೆದದ್ದು ನಾನೇ. ನನ್ನ ಅಕ್ಷರ ಚಲೋ ಇದೆ ಎಂದು ಎಲ್ಲ ಬೋರ್ಡುಗಳೂ ನನ್ನ ಪಾಲಿಗೇ ಬರುತ್ತಿದ್ದವು. ಆ ದಿನ ಸಂಜೆ ಚಾಚಾ ಬಸ್ಸಿನ ಮುಂದೆ ನಿಂತು ಹೆಬ್ಬೆರಳಿನಿಂದ ಎಣಿಸಿದರು.

“ತಮ್ಮಾ, ಒಂದ ಊರ ಕಡಿಮಿ ಬಿದ್ದೈತಿ.”

ನೋಡಿದೆ. ನಮ್ಮೂರನ್ನೇ ಬಿಟ್ಟಿದ್ದೆ.

“ನಮ್ಮೂರ ನಿನಗ ಗೊತ್ತೈತಿ, ಅದಕ್ಕ ಬರೀಲಿಲ್ಲ ಹೌದಿಲ್ಲೋ” ಎಂದು ನಕ್ಕರು. ಎಳೆಗಳು ಹಾರಿದವು. ಆದರೆ ಆ ದಿನ ಮಧ್ಯಾಹ್ನದ ಬಸ್ಸಿಗೆ ಬಿಳೂರಿನಿಂದ ನಮ್ಮೂರಿಗೆ ಬೀಗರ ಮನೆಗೆ ಹೊರಟಿದ್ದ ಹನ್ನೊಂದು ಮಂದಿ, ಬೋರ್ಡಿನಲ್ಲಿ ಊರಿನ ಹೆಸರಿಲ್ಲವೆಂದು ಹತ್ತದೆ ಸ್ಟ್ಯಾಂಡಿನಲ್ಲೇ ಉಳಿದಿದ್ದರು. ಅವರನ್ನು ತಮ್ಮ ಅಂಗಡಿಯಲ್ಲಿ ಕೂರಿಸಿ ಚಹಾ ಕುಡಿಸಿದವರು ಚಾಚಾ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮೂರ ಪಕ್ಕದಲ್ಲಿ ಒಂದು ಗುಡ್ಡವಿದೆ. ಮೇಲೆ ಕಲ್ಲಿನ ಒಂದು ಕೋಣೆ, ಒಳಗೆ ಒಂದು ಗದ್ದಿಗೆ. ಅಲ್ಲಿ ಮಲಗಿದವರನ್ನು ನಮ್ಮ ಮನೆಗಳಲ್ಲಿ ಶರಣರು ಎನ್ನುತ್ತೇವೆ, ಚಾಚಾನ ಮನೆಯವರು ವಲಿ ಎನ್ನುತ್ತಾರೆ. ನಮ್ಮೂರಲ್ಲಿ ಇದರ ಬಗ್ಗೆ ಯಾರಾದರೂ ವಾದ ಮಾಡಿದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿಲ್ಲ. ಪ್ರತಿ ಗುರುವಾರ ಹೊತ್ತು ಮುಳುಗಿದ ಕೂಡಲೇ ಅಲ್ಲಿ ದೀಪ ಹಚ್ಚಬೇಕು. ಎಣ್ಣೆ ನಮ್ಮ ಶೈವ ಮನೆಗಳದ್ದು, ಸರದಿಯ ಪ್ರಕಾರ. ಬತ್ತಿ ಚಾಚಾನ ಮನೆತನದ್ದು. ಆ ಬತ್ತಿಯ ಹತ್ತಿಗೂ ಒಂದು ಕ್ರಮವಿತ್ತು. ಮೊದಲ ಸಲ ಹತ್ತಿ ಬಿಡಿಸಿದಾಗ ಪ್ರತಿ ಮನೆಯವರೂ, ಯಾವ ಜಾತಿಯವರೇ ಇರಲಿ, ಒಂದು ಹಿಡಿ ಹತ್ತಿಯನ್ನು ಚಾಚಾನ ಮನೆಗೆ ಮುಟ್ಟಿಸಬೇಕು. ಅವರು ಎಲ್ಲವನ್ನೂ ಒಟ್ಟಿಗೆ ಸುರಿದು, ಬಿಲ್ಲಿನಿಂದ ಹಿಂಜಿ, ಇಡೀ ವರ್ಷದ ಬತ್ತಿಗೆ ಆಗುವಷ್ಟು ಹತ್ತಿಯನ್ನು ಗಂಟು ಕಟ್ಟಿಡುತ್ತಿದ್ದರು. ಎಣ್ಣೆಯ ಮನೆಯವನು ಎಣ್ಣೆ ಹಾಕಿ ನಿಲ್ಲುತ್ತಾನೆ, ಚಾಚಾ ಹೊಸ್ತಿಲ ಮೇಲೆ ಕುಳಿತು ತೊಡೆಯ ಮೇಲೆ ಬತ್ತಿ ಹೊಸೆದು ಕೊಡುತ್ತಾರೆ, ಆಮೇಲೆ ದೀಪ. ಅವರು ಬಾರದೆ ದೀಪವಿಲ್ಲ.

ಒಮ್ಮೆ ನಮ್ಮ ಮನೆಯ ಹತ್ತಿ ಈ ವರ್ಷ ಭಾಳ ಬೆಳ್ಳಗೆ ಬಂದಿದೆ ಎಂದು ನಾನು ಜಂಬ ಕೊಚ್ಚಿದೆ. ಚಾಚಾ ಬಿಲ್ಲು ನಿಲ್ಲಿಸದೆ ಹೇಳಿದರು, “ಬೆಳ್ಳಗಿದ್ರ ಏನಾತು ತಮ್ಮಾ. ಹಿಂಜಿದ ಮ್ಯಾಲ ನಿಮ್ಮ ಹತ್ತಿ ಯಾವುದಂತ ನೀನ ಹುಡುಕು ನೋಡೋಣು.”

ಆಮೇಲೆ ಬಂತು ಪರ್ಯಟನ.

ತೊಂಬತ್ತರ ದಶಕ ಮುಗಿಯುವ ಹೊತ್ತು. ನಮ್ಮ ಗುಡ್ಡವನ್ನು ಪರ್ಯಟನ ಸ್ಥಳಗಳ ಪಟ್ಟಿಗೆ ಸೇರಿಸುತ್ತಾರೆ, ರಸ್ತೆ ಆಗುತ್ತದೆ, ಮೆಟ್ಟಿಲು ಆಗುತ್ತದೆ ಎಂಬ ಸುದ್ದಿ. ಊರಲ್ಲಿ ಒಂದು ಸಮಿತಿಯಾಯಿತು. ಅಧ್ಯಕ್ಷನಾದವನು ನನ್ನ ದೊಡ್ಡಪ್ಪನ ಮೊಮ್ಮಗ, ಗೊಬ್ಬರದ ಅಂಗಡಿಯವನು. ನನ್ನನ್ನು ಕಾಕಾ ಎನ್ನುತ್ತಾನೆ. ಜಿಲ್ಲಾ ಕೇಂದ್ರದಿಂದ ಒಬ್ಬ ಸಾಹೇಬರು ಫೋಟೋಗ್ರಾಫರನನ್ನು ಕರೆದುಕೊಂಡು ಬಂದರು. ಕಪ್ಪು ಕನ್ನಡಕ ತೆಗೆಯದೆಯೇ ಗದ್ದಿಗೆ ನೋಡಿದರು. ಒಂದು ಜಾಗಕ್ಕೆ ಒಂದು ಕಥೆ ಇರಬೇಕು, ಎರಡೆರಡು ಕಥೆ ಇರುವ ಜಾಗಕ್ಕೆ ಮಂದಿ ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ, ಚಹಾ ಕುಡಿದು ಹೋದರು. ಆ ಮಾತು ನಮಗೆಲ್ಲ ದೊಡ್ಡ ಜ್ಞಾನದಂತೆ ಕೇಳಿಸಿತು. ನಮಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಕೆಲವು ತಿಂಗಳಿಗೆ ಬಣ್ಣದ ಪುಸ್ತಿಕೆ ಬಂತು. ಮೊದಲ ಪುಟದಲ್ಲಿ ಗುಡ್ಡ. ಕಥೆ ಒಂದೇ ಇತ್ತು, ನಮ್ಮ ಮನೆಗಳದ್ದು; ಅದೂ ಅರ್ಧ ಹೊಸದು, ನಾವೇ ಎಂದೂ ಕೇಳದ್ದು. ಮೂರನೆಯ ಪುಟದಲ್ಲಿ ಗೋಡೆಗೆ ಒರಗಿಸಿಟ್ಟ ಚಾಚಾನ ಹಿಂಜುವ ಬಿಲ್ಲು. ಅದರ ಕೆಳಗೆ, ‘ಗುಡ್ಡದ ದೀಪೋತ್ಸವದಲ್ಲಿ ನುಡಿಸುವ ಪ್ರಾಚೀನ ತಂತಿವಾದ್ಯ’ ಎಂದು ಬರೆದಿತ್ತು. ಅಲ್ಲಿ ದೀಪೋತ್ಸವವೂ ಇರಲಿಲ್ಲ, ವಾದ್ಯವೂ ಇರಲಿಲ್ಲ. ಗುರುವಾರಕ್ಕೆ ಒಂದು ದೀಪ ಇತ್ತು, ಗಾದಿ ಹೊಲಿಯುವ ಒಬ್ಬ ಮನುಷ್ಯ ಇದ್ದ.

ಆ ಪುಸ್ತಿಕೆ ಹಿಡಿದುಕೊಂಡು ಜನ ಜತ್ತಕ್ಕೇ ಬಂದರು. ಒಂದು ದಿನ ನಾಲ್ಕು ಮಂದಿ ಚಾಚಾನ ಅಂಗಡಿಯ ಮುಂದೆ ನಿಂತು, ವಾದ್ಯ ನುಡಿಸಿ ತೋರಿಸಿ ಎಂದು ದುಂಬಾಲು ಬಿದ್ದರು. ನಾನು ಎದುರಿನಿಂದ ನೋಡುತ್ತಿದ್ದೆ.

“ನುಡಸ್ತೀನ್ರಿ” ಎಂದರು ಚಾಚಾ. “ಒಂದ ಗಾದಿ ಹೊಲಸ್ಕೋರಿ. ಅದು ತುಂಬೂ ತನಕ ನುಡಸ್ತೀನಿ.”

“ರಾಗ ಯಾವುದು ಅಜ್ಜಾ?”

“ಸಿಂಗಲ್ ಗಾದಿಗಿ ಒಂದ ರಾಗ, ಡಬಲ್ ಗಾದಿಗಿ ಒಂದ ರಾಗ ಐತ್ರಿ.”

ಅವರು ಅದನ್ನು ಬರೆದುಕೊಂಡರು. ಚಾಚಾ ನನ್ನ ಕಡೆ ಕಣ್ಣು ಹೊಡೆದರು. ಆದರೆ ಅಂದು ಸಂಜೆ ಬಸ್ಸಿನಲ್ಲಿ ನಗಲಿಲ್ಲ. ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟು, ಇದರಲ್ಲಿ ಬತ್ತಿಯ ಮಾತು ಎಲ್ಲಿದೆ ಎಂದು ಕೇಳಿದರು. ಎಲ್ಲೂ ಇಲ್ಲ ಎಂದೆ.

“ಇರ್ಲಿ ಚಾಚಾ, ಗುಡ್ಡದ ಮ್ಯಾಲ ಕಲ್ಲಿನ ಬೋರ್ಡ ಹಾಕಾವ್ರದಾರ. ಅದನ್ನ ನಾನ ಬರಿಯಾಂವ. ಅದರಾಗ ಸರಿ ಮಾಡ್ತೀನಿ” ಎಂದೆ.

“ನೀ ಬರದ್ರ ಆತು ಬಿಡು” ಎಂದರು.

ಒಂದು ವಾರ ಕುಳಿತು ಬರೆದೆ. ಒಂಬತ್ತು ಸಾಲು. ಅದನ್ನು ಮೊದಲು ಓದಿ ತೋರಿಸಿದ್ದು ಚಾಚಾನಿಗೆ, ಅಂಗಡಿಯಲ್ಲಿ, ಊಟದ ಬಿಡುವಿನಲ್ಲಿ. ಒಂಬತ್ತನೆಯ ಸಾಲು ಹೀಗಿತ್ತು: ‘ಈ ದೀಪದ ಎಣ್ಣೆ ಶೈವ ಮನೆಗಳದ್ದು, ಬತ್ತಿ ಪಿಂಜಾರ ಮನೆತನದ್ದು, ಹತ್ತಿ ಇಡೀ ಊರಿನದ್ದು.’

ಚಾಚಾ ಕೊಡತಿ ಕೆಳಗಿಟ್ಟರು. ಇನ್ನೊಮ್ಮೆ ಓದಿಸಿದರು. ಕಾಗದ ತೆಗೆದುಕೊಂಡು ಹೆಬ್ಬೆರಳು ಇಟ್ಟು ಸಾಲುಗಳನ್ನು ಎಣಿಸಿದರು. “ಒಂಬತ್ತ. ಕಡೀದು ನಮ್ದು” ಎಂದರು. ಅಂದು ಮನೆಗೆ ಹೋಗಿ ಚಾಚಿಗೂ ಹೇಳಿದ್ದಾರೆ, ಲಗ್ನವಾಗಿ ಹೋದ ಹೆಣ್ಣುಮಕ್ಕಳಿಗೂ ಸುದ್ದಿ ಕಳಿಸಿದ್ದಾರೆ. ಇದು ನನಗೆ ಆಮೇಲೆ ಗೊತ್ತಾಯಿತು.

ಸಮಿತಿಯ ಸಭೆಯಲ್ಲಿ ಅಧ್ಯಕ್ಷ ಕಾಗದ ಓದಿ ತಲೆಯಾಡಿಸಿದ.

“ಭಾಳ ಚಲೋ ಆಗೇತಿ ಕಾಕಾ. ಆದ್ರ ಎಂಟ ಸಾಲ ಸಾಕ್ರಿ. ಕಲ್ಲ ಕೆತ್ತಾಂವ ಎಂಟಕ್ಕ ಅಳತಿ ಹಾಕ್ಯಾನ.”

“ಯಾವುದ ತಗೀಬೇಕಂತಿ?”

“ಕಡೀದ ತಗೀರಿ. ದೂರಿಂದ ಬಂದಿರ್ತಾರ, ಕೈ ಮುಗೀತಾರ, ಫೋಟೋ ಹೊಡ್ಕೋತಾರ, ಹೋಗ್ತಾರ. ಎಣ್ಣಿ ಯಾರದು, ಬತ್ತಿ ಯಾರದು ಅಂತ ಹೇಳಿ ಅವ್ರ ತಲ್ಯಾಗ ಗೊಂದಲ ಯಾಕ ಹಾಕೂದು?”

“ಚಪ್ಪಲಿ ಹೊರಗ ಬಿಡ್ರಿ ಅಂತ ಒಂದ ಸಾಲ ಐತಲ್ಲ, ಅದನ್ನ ತಗೀ.”

“ಅದು ಶಿಸ್ತಿನ ಮಾತಲ್ರಿ ಕಾಕಾ. ನೀವ ಹೇಳ್ರಿ, ಶಿಸ್ತ ಬಿಟ್ಟ ನಡೀತೈತೇನು?”

ನನ್ನನ್ನು ಎಲ್ಲಿ ಒತ್ತಬೇಕೆಂದು ಅವನಿಗೆ ಗೊತ್ತಿತ್ತು. ಬೋರ್ಡು ಎಂದರೆ ನಿಂತು ಒಂದು ಉಸಿರಿನಲ್ಲಿ ಓದುವಷ್ಟಿರಬೇಕು, ಅದಕ್ಕಿಂತ ಹೆಚ್ಚಿದ್ದರೆ ಬಸ್ಸು ಹೋಗಿಬಿಡುತ್ತದೆ ಎಂಬುದು ನಾನೇ ಎಲ್ಲರಿಗೂ ಹೇಳುತ್ತಿದ್ದ ಮಾತು. ಜೊತೆಗೆ ಗುಡ್ಡಕ್ಕೆ ಗುರುವಾರದ ವಿಶೇಷ ಬಸ್ಸು ಬಿಡಿಸಬೇಕೆಂದು ನಾನೇ ಓಡಾಡಿದ್ದೆ, ಅದರ ವೇಳಾಪಟ್ಟಿಯನ್ನೂ ನಾನೇ ಹಾಕಿದ್ದೆ. ಜಗಳವಾದರೆ ಅದೂ ನಿಲ್ಲುತ್ತದೆ ಎಂದು ಹೆದರಿದೆ. ಜೇಬಿನಿಂದ ಪೆನ್ನು ತೆಗೆದೆ. ಕೈಯಿಂದ ಗೀಚುವುದು ನನ್ನ ಅಭ್ಯಾಸವಲ್ಲ. ಅಳತೆಪಟ್ಟಿ ಇಟ್ಟು, ಒಂಬತ್ತನೆಯ ಸಾಲಿನ ಮೇಲೆ ನೇರವಾದ ಒಂದು ಗೆರೆ ಎಳೆದೆ. ಸಾಹೇಬರು ಎಳೆಯಲಿಲ್ಲ, ಅಧ್ಯಕ್ಷ ಎಳೆಯಲಿಲ್ಲ. ನಾನು ಎಳೆದೆ.

ಚಾಚಾನಿಗೆ ಹೇಳಲಿಲ್ಲ. ದಿನಕ್ಕೆ ಎರಡು ಸಲ ಒಂದೇ ಬಸ್ಸಿನಲ್ಲಿ ಕೂರುತ್ತಿದ್ದೆವು, ಹೇಳಲಿಲ್ಲ.

ಕಲ್ಲು ನಿಂತದ್ದು ಮಂಗಳವಾರ. ಗುರುವಾರ ಮೊದಲ ವಿಶೇಷ ಬಸ್ಸು. ನಾನು ರಜೆ ಹಾಕಿ ಅದರಲ್ಲೇ ಹೋದೆ. ವಿಜಾಪುರದ ಕಡೆಯಿಂದ ಎರಡು ಜೀಪಿನಲ್ಲಿ ಬೇರೆ ಮಂದಿಯೂ ಬಂದಿದ್ದರು. ಚಾಚಾ ಆ ದಿನ ತೊಳೆದ ಅಂಗಿ ಹಾಕಿಕೊಂಡು, ಹುಬ್ಬಿನ ಹತ್ತಿಯನ್ನೂ ಒರೆಸಿಕೊಂಡು ಹೊಸ್ತಿಲ ಮೇಲೆ ತಮ್ಮ ಜಾಗದಲ್ಲಿ ಕುಳಿತಿದ್ದರು. ಕನ್ನಡಕದ ಒಬ್ಬ ಹೆಣ್ಣುಮಗಳು, ನೋಡಿದರೆ ಶಾಲೆಯ ಮಾಸ್ತರಿಣಿಯಂತಿದ್ದಳು, ಅವರ ಮುಂದೆ ನಿಂತು ಕೇಳಿದಳು.

“ಅಜ್ಜಾ, ನೀವಿಲ್ಲಿ ಯಾಕ ಕುಂತೀರಿ?”

“ಬತ್ತಿ ಕೊಡಾಕ್ರಿ ತಂಗಿ.”

“ನೀವು ಕೊಡ್ತೀರೇನು?” ಅವಳ ಕಣ್ಣು ಟೊಪ್ಪಿಗೆಯ ಮೇಲಿತ್ತು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಪುಸ್ತಿಕೆ ಓದಿ ಬಂದವಳಿಗೆ ಅರ್ಥವಾಗಿರಲಿಲ್ಲ, ಅಷ್ಟೆ.

“ಬತ್ತಿ ನಮ್ಮ ಮನಿತನದ್ದ್ರಿ. ನಾ ಹೇಳೂದ ಯಾಕ, ಕಲ್ಲಿನ ಮ್ಯಾಲ ಬರದೈತಿ, ಓದ್ರಿ.”

ಅವಳು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದಳು. ಎಲ್ಲರೂ ಕೇಳಿದರು. ಚಾಚಾ ತಲೆ ತೂಗುತ್ತ ಕುಳಿತಿದ್ದರು.

“ಬತ್ತಿ ಮಾತ ಎಲ್ಲೂ ಇಲ್ಲಲ್ಲ ಅಜ್ಜಾ.”

“ಕಡೀಕ ಇರಬೇಕ್ರಿ. ಕಡೀ ಸಾಲ.”

“ಕಡೀ ಸಾಲ, ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಅಂತೈತಿ.”

ಜೀಪಿನವರಲ್ಲಿ ಯಾರೋ ನಕ್ಕರು. ಚಾಚಾ ಎದ್ದರು. ಕಲ್ಲಿನ ಹತ್ತಿರ ಹೋಗಿ, ಹೆಬ್ಬೆರಳನ್ನು ಸಾಲುಗಳ ಮೇಲೆ ಇಡುತ್ತ ಮೇಲಿನಿಂದ ಕೆಳಗೆ ಎಣಿಸಿದರು. ಎಂಟು. ಮತ್ತೊಮ್ಮೆ ಕೆಳಗಿನಿಂದ ಮೇಲೆ ಎಣಿಸಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ನಾನು ಕೈಗಡಿಯಾರ ನೋಡಿಕೊಂಡೆ.

“ಚಾಚಾ, ಮಂದಿ ಭಾಳ ಬಂದಾರ. ಇವತ್ತೊಂದಿನ ಆ ಗಿಡದ ಬುಡಕ ಕುಂದ್ರಿ” ಎಂದ ಅಧ್ಯಕ್ಷ.

ಅವರು ಗಿಡದ ಬುಡಕ್ಕೆ ಹೋಗಲಿಲ್ಲ. ಹೊಸೆದಿದ್ದ ಬತ್ತಿಯನ್ನು ಹೊಸ್ತಿಲ ಮೇಲೆ ಇಟ್ಟು ಗುಡ್ಡ ಇಳಿದರು. ಮತ್ತೆ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನಾನು ಕಾದಿಟ್ಟ ಜಾಗದಲ್ಲಿ ಚಾಚಾ ಕೂರಲಿಲ್ಲ. ಮುಂದೆ ಹೋಗುತ್ತ, “ನಮಸ್ಕಾರ್ರಿ ಸಾಹೇಬ್ರ” ಎಂದರು. ಮೂವತ್ತು ವರ್ಷ ‘ತಮ್ಮಾ’ ಎಂದು, ‘ನೀ’ ಎಂದು ಕರೆದ ಮನುಷ್ಯ. ಇಳಿಯುವಾಗ ಒಂದೇ ಮಾತು ಹೇಳಿದರು. “ಒಮ್ಮಿ ಬಸ್ಸಿನ ಬೋರ್ಡಿನಾಗ ಊರ ಬಿಟ್ಟಿದ್ರಿ. ಅವತ್ತ ಹನ್ನೊಂದ ಮಂದಿ ದಾರ್ಯಾಗ ಉಳದಿದ್ರು. ನೆನಪೈತೇನ್ರಿ ಸಾಹೇಬ್ರ?” ಇಳಿದು ಅಂಗಡಿಯ ಕಡೆ ನಡೆದರು. ಆ ‘ರಿ’ ಎಂಬ ಮರ್ಯಾದೆಯನ್ನು ಕೊನೆಯವರೆಗೂ ನನ್ನ ಮೇಲಿಂದ ಇಳಿಸಲಿಲ್ಲ. ಯಾರಾದರೂ ನನಗೆ ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ವರ್ಷ ಉರಿಯುತ್ತಿರಲಿಲ್ಲ.

ಗುಡ್ಡಕ್ಕೆ ಮಂದಿ ಬಂದರು. ಬಂದರೆ ತಪ್ಪೇನೂ ಇಲ್ಲ, ಬರುವವರನ್ನು ಬಸ್ಸಿಗೆ ಹತ್ತಿಸಿಯೇ ನಾನು ಉಂಡವನು. ನನ್ನ ಸಿಟ್ಟು ಬಂದವರ ಮೇಲಲ್ಲ. ಬಂದವರಿಗೆ ತೋರಿಸಲೆಂದು ನಾವು ನಮ್ಮನ್ನೇ ಕತ್ತರಿಸಿಕೊಂಡೆವಲ್ಲ, ಅದರ ಮೇಲೆ. ವಿಶೇಷ ಬಸ್ಸು ಐದು ಗಂಟೆಗೆ ಮರಳಬೇಕು. ಅಷ್ಟರೊಳಗೆ ಬಂದವರಿಗೆ ದೀಪ ಕಾಣಬೇಕು. ಹೀಗಾಗಿ ಹೊತ್ತು ಮುಳುಗಿದ ಮೇಲೆ ಹಚ್ಚುವ ದೀಪವನ್ನು ನಾಲ್ಕೂವರೆಗೆ, ಸುಡುವ ಬಿಸಿಲಿನಲ್ಲಿ ಹಚ್ಚತೊಡಗಿದರು. ವೇಳಾಪಟ್ಟಿ ನನ್ನದು. ಬತ್ತಿ ಗುಡ್ಡದ ಕೆಳಗಿನ ಅಂಗಡಿಯ ಪ್ಲಾಸ್ಟಿಕ್ ಪಾಕೀಟಿನಿಂದ ಬಂತು. ಒಂದು ಹಿಡಿ ಹತ್ತಿ ಕೊಡುವುದನ್ನು ಮನೆಗಳು ಒಂದೊಂದಾಗಿ ಬಿಟ್ಟವು; ಯಾರೂ ಬೇಡ ಎನ್ನಲಿಲ್ಲ, ಯಾರೂ ಕೇಳಲೂ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ನಮ್ಮೂರವರೇ ಪುಸ್ತಿಕೆಯನ್ನು ನಂಬಿದರು. ಚಾಚಾನ ಬಿಲ್ಲಿನ ಸದ್ದಿಗೆ ತೊಟ್ಟಿಲಲ್ಲಿ ಮಲಗಿ ಬೆಳೆದ ನನ್ನ ಸ್ವಂತ ತಂಗಿ ಒಂದು ದಿನ, “ಅಣ್ಣಾ, ಅದನ್ನ ಮೊದಲ ಗುಡ್ಡದ ಮ್ಯಾಲ ನುಡಸ್ತಿದ್ರಂತಲ್ಲ” ಎಂದಳು. ನಾನು ತಟ್ಟೆ ಬಿಟ್ಟು ಎದ್ದೆ.

ಚಾಚಾ ಮಾತ್ರ ತಮ್ಮ ಕೆಲಸ ಬಿಡಲಿಲ್ಲ. ವರ್ಷಕ್ಕೆರಡು ಸಲ ನಮ್ಮ ಮನೆಯ ಎಣ್ಣೆಯ ಸರದಿ ಬರುತ್ತಿತ್ತು. ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ರಸ್ತೆ ದಾಟಿ ಕಂಟ್ರೋಲರ್ ಖೋಲಿಯ ಕಿಟಕಿಯಲ್ಲಿ ಕಾಗದದ ಪೊಟ್ಟಣ ಇಡುತ್ತಿದ್ದರು. “ನಿಮ್ಮ ಸರದಿ ಐತ್ರಿ ಸಾಹೇಬ್ರ, ಒಯ್ರಿ.” ಒಳಗೆ ಹೊಸೆದ ಒಂದು ಬತ್ತಿ. ನಾನು ಅರ್ಧ ದಿನ ರಜೆ ಹಾಕಿ ಒಯ್ದು ಅದನ್ನೇ ಹಚ್ಚುತ್ತಿದ್ದೆ. ಉರಿಯಿತೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ.

ಎರಡು ಸಾವಿರದ ನಂತರದ ವರ್ಷಗಳಲ್ಲಿ ಅವರಿಗೆ ದಮ್ಮು ಹೆಚ್ಚಾಯಿತು. ಐವತ್ತು ವರ್ಷ ಮೂಗಿನಲ್ಲಿ ಹೋದ ಹತ್ತಿ ಎದೆಯಲ್ಲಿ ಕುಳಿತಿತ್ತು. ಅಂಗಡಿ ಮುಚ್ಚಿತು. ಕೊನೆಯ ಸಲ ನೋಡಲು ಹೋದಾಗ ಚಾಚಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹುಬ್ಬು ಬರಿದಾಗಿತ್ತು, ಒಂದು ಎಳೆಯೂ ಇರಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಚಾಚಾ, ಆ ಸಾಲ ತಗದಾಂವ ನಾನ. ತಪ್ಪಾತು” ಎಂದೆ.

ಅವರು ಉಸಿರು ಎಳೆದುಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

“ನನಗ ಹೇಳಿ ಏನ ಮಾಡ್ತೀರಿ ಸಾಹೇಬ್ರ. ಬತ್ತಿ ಯಾರದಂತ ನನಗ ಗೊತ್ತೈತಿ. ಗೊತ್ತಿಲ್ಲದವ್ರಿಗೆ ಹೇಳ್ರಿ. ಇಡೀ ಜನ್ಮ ಮೈಕಿನಾಗ ಒದರೀರಿ, ಇದೊಂದ ಒದರಾಕ ಆಗಲಿಲ್ಲೇನ್ರಿ?”

ಎಂಟು ದಿನಕ್ಕೆ ತೀರಿಕೊಂಡರು. ಊರೆಲ್ಲ ಮಣ್ಣಿಗೆ ಬಂದಿತ್ತು. ಅಧ್ಯಕ್ಷನೂ ಬಂದಿದ್ದ, ಹೆಗಲೂ ಕೊಟ್ಟ. ಅದು ಗುರುವಾರ. ನಾಲ್ಕೂವರೆಗೆ ಗುಡ್ಡದ ಮೇಲೆ ಪಾಕೀಟಿನ ಬತ್ತಿಯ ದೀಪ ಹಚ್ಚಿದರು, ಬಸ್ಸು ಐದಕ್ಕೆ ಸರಿಯಾಗಿ ಹೋಯಿತು.

ಮರುವರ್ಷ ನಾನು ನಿವೃತ್ತನಾದೆ. ಅಂದಿನಿಂದ ನನ್ನ ಗುರುವಾರದ ಕ್ರಮ ಬದಲಾಗಿಲ್ಲ. ಐದಕ್ಕೆ ಏಳುತ್ತೇನೆ, ಸ್ನಾನ, ಭಸ್ಮ, ಎರಡು ಜೋಳದ ಭಕ್ರಿ. ಮಧ್ಯಾಹ್ನ ಮೂರಕ್ಕೆ ಗುಡ್ಡ ಹತ್ತುತ್ತೇನೆ. ಬಸ್ಸಿನವರು ಬಂದು ಕಲ್ಲಿನ ಮುಂದೆ ನಿಂತು ಎಂಟನೆಯ ಸಾಲು ಓದಿ ಮುಗಿಸುವ ತನಕ ಕಾಯುತ್ತೇನೆ. ಆಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ, ಮೈಕಿಲ್ಲದೆ ಕೂಗುತ್ತೇನೆ: “ಪ್ರಯಾಣಿಕರು ಗಮನಿಸಬೇಕು. ಇಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಬಿಟ್ಟವನು ನಾನು. ಈ ದೀಪದ ಎಣ್ಣೆ ಶೈವ ಮನೆಗಳದ್ದು, ಬತ್ತಿ ಪಿಂಜಾರ ಮನೆತನದ್ದು, ಹತ್ತಿ ಇಡೀ ಊರಿನದ್ದು.”

ಕೆಲವರು ನಿಂತು ಕೇಳುತ್ತಾರೆ. ಕೆಲವರು ಹುಚ್ಚನೆಂದು ದೂರ ಸರಿಯುತ್ತಾರೆ. ಒಬ್ಬನು ನನ್ನ ಫೋಟೋ ಹೊಡೆದುಕೊಂಡ; ಮುಂದಿನ ಪುಸ್ತಿಕೆಯಲ್ಲಿ ನಾನೂ ಏನೋ ಒಂದು ಪ್ರಾಚೀನ ವಸ್ತುವಾಗಿ ಬರಬಹುದು. ಹೋದ ತಿಂಗಳು ಒಂದು ಗುರುವಾರ ಅಧ್ಯಕ್ಷ ಬಂದು ಕೈ ಹಿಡಿದ.

“ಕಾಕಾ, ಸಾಕ ಮಾಡ್ರಿ. ಬಂದ ಮಂದಿಗೆ ಕಿರಿಕಿರಿ ಆಗಾಕತ್ತೈತಿ.”

“ಕಲ್ಲಿನ ಮ್ಯಾಲ ಕೆತ್ತಸು. ಮರುದಿನದಿಂದ ನಾ ಬರೂದಿಲ್ಲ.”

“ಜಾಗಾ ಎಲ್ಲೈತಿ ಕಾಕಾ?”

ನಾನು ಬಗ್ಗಿ ಎಂಟನೆಯ ಸಾಲಿನ ಮೇಲೆ ನನ್ನ ಹೆಬ್ಬೆರಳು ಇಟ್ಟು ತೋರಿಸಿದೆ. ಚಪ್ಪಲಿ ಎಲ್ಲಿ ಬಿಡಬೇಕೆಂಬುದು ನಮ್ಮ ಮಂದಿಗೆ ಹೇಳದೆಯೇ ಗೊತ್ತಿದೆ. ಅವನು ಗುಡ್ಡ ಇಳಿದು ಹೋದ. ಮುಂದಿನ ಗುರುವಾರವೂ ಕಲ್ಲಿನ ಮೇಲೆ ಎಂಟೇ ಸಾಲು. ಒಂಬತ್ತನೆಯದನ್ನು ನಾನು ಕೂಗಿದೆ.